ಉಪ್ಪು ಏರಿದರೆ ಏನು ಮಾಡುತ್ತೀರಿ

ಸಮುದ್ರದ ನೀರನ್ನು ಸಿಹಿಯಾಗಿಸುವ ಕಾರ್ಖಾನೆಯನ್ನು ನಾನು ಮೊದಲ ಸಲ ನೋಡಿದ್ದು ಕೆನಡಾದ ಸ್ಕಾರ್‌ಬರೋದ ಒಂದು ಅಡುಗೆಮನೆಯಲ್ಲಿ. ಒಂದು ಗ್ಯಾಸ್ ಒಲೆ, ಒಂದು ಕುಕ್ಕರು, ಎರಡು ಸ್ಟೀಲ್ ತಟ್ಟೆ, ಒಂದು ಹಿಡಿ ಉಪ್ಪು. ಇಷ್ಟೇ ಯಂತ್ರೋಪಕರಣ. ನಡೆಸುತ್ತಿದ್ದವರು ಹುಬ್ಬಳ್ಳಿಯವರು, ಐವತ್ತರ ಹತ್ತಿರದ ದಪ್ಪ ಮೀಸೆಯ ಮನುಷ್ಯ. ಇಡೀ ಮನೆಯನ್ನು ಬಾಡಿಗೆಗೆ ಹಿಡಿದು, ಮೇಲೆ ಹೆಂಡತಿ ಮಗಳ ಜೊತೆ ತಾವಿದ್ದು, ಕೆಳಗಿನ ಬೇಸ್‌ಮೆಂಟನ್ನು ನಮ್ಮಂಥ ಮೂವರು ವಿದ್ಯಾರ್ಥಿಗಳಿಗೆ ಬಿಟ್ಟಿದ್ದರು. ನಾನು ತುಮಕೂರಿನವನು. ಆದರೂ ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಎನ್ನಲು ಕಲಿತೆ. ಹಾಗೆಂದರೆ ಮೇಲಿನಿಂದ ರೊಟ್ಟಿ ಇಳಿದು ಬರುತ್ತದೆ ಎಂಬ ಮರ್ಮ ನನಗೆ ಎರಡನೇ ವಾರದಲ್ಲೇ ತಿಳಿದಿತ್ತು.

"ಇಲ್ಲಿ ನೋಡು ತಮ್ಮಾ," ಎಂದು ಕಾಕಾ ಒಲೆ ಹೊತ್ತಿಸಿದರು. "ಗ್ಯಾಸ್ ಉರೀತು, ಟರ್ಬೈನ್ ತಿರುಗ್ತು, ಕರೆಂಟ್ ಬಂತು. ಅಷ್ಟಕ್ಕ ಮುಗೀತೇನು? ಇಲ್ಲ. ಹೊರಗ ಬಿಡೋ ಹೊಗಿ ಇನ್ನೂ ಕೆಂಡದಂಗ ಕಾದಿರ್ತೈತಿ. ಆ ಬಿಸೀಲೆ ಉಗಿ ಮಾಡ್ತೀವಿ. ಉಗೀಲೆ ಇನ್ನೊಂದು ಟರ್ಬೈನ್. ಅಷ್ಟಾದ್ರೂ ಉಗಿ ಸಾಯಂಗಿಲ್ಲ. ಉಳಿದಿದ್ದು ಸಮುದ್ರದ ನೀರು ಕಾಸ್ತೈತಿ. ನೀರು ಆವಿ ಆಗಿ ಮ್ಯಾಲೆ ಹೋಗ್ತೈತಿ, ಉಪ್ಪು ಕೆಳಗ ಉಳೀತೈತಿ." ತಣ್ಣನೆಯ ತಟ್ಟೆಯನ್ನು ಕುಕ್ಕರಿನ ಬಾಯಿಗೆ ಹಿಡಿದು, ಅಡಿಯಲ್ಲಿ ಕಟ್ಟಿದ ಹನಿಗಳನ್ನು ತೋರಿಸಿದರು. "ಇದ ನೋಡು ಸಿಹಿನೀರು. ಒಂದ ಬೆಂಕಿ, ಮೂರು ಕೆಲಸ."

"ನನ್ನ ರೂಮ್‌ಮೇಟ್‌ಗಿಂತ ವಾಸಿ ಕಾಕಾ. ಅವನು ಮೂರು ಹೊತ್ತೂ ಉರೀತಾನೆ, ಒಂದು ಕೆಲಸ ಮಾಡಲ್ಲ."

"ಏ ಮಂಗ್ಯಾ, ಚಾಷ್ಟಿ ಬಿಟ್ಟು ಕೇಳು."

ಗಲ್ಫಿನ ಒಂದು ಕರಾವಳಿ ಊರಿನಲ್ಲಿ ಅಂಥ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಅವರು ಹದಿನೆಂಟು ವರ್ಷ ಕೂತಿದ್ದರು. ಆ ಊರಿಗೆ ಹೊಳೆಯಿಲ್ಲ, ಕೆರೆಯಿಲ್ಲ, ಬಾವಿ ತೋಡಿದರೆ ಉಪ್ಪುನೀರು. ಮಸೀದಿಯ ನಲ್ಲಿಗೆ, ಆಸ್ಪತ್ರೆಗೆ, ಶಾಲೆಯ ಮಕ್ಕಳ ಬಾಟಲಿಗೆ, ಎಲ್ಲಕ್ಕೂ ಇವರ ಉಗಿಯಿಂದ ಇಳಿದ ನೀರೇ. ಹಾಗೆ ಇಳಿದ ನೀರಿಗೆ ಯಾವ ರುಚಿಯೂ ಇರುವುದಿಲ್ಲವಂತೆ. ಸುಣ್ಣದಂಶ ಬೆರೆಸಿ, ನೀರಿಗೆ ನೀರಿನ ರುಚಿ ಬರಿಸಿ ಊರಿಗೆ ಬಿಡುತ್ತಿದ್ದರಂತೆ. ಈ ಮಾತನ್ನು ಹೇಳುವಾಗ ಅವರು ಸಿಹಿತಿಂಡಿಯ ಭಟ್ಟರ ಹಾಗೆ ಕಾಣುತ್ತಿದ್ದರು. ಹಾಗೆಂದು ಅವರಿಗೇ ಹೇಳಿದ್ದೆ ಕೂಡ.

ಕೆನಡಾದಲ್ಲಿ ಅವರು ಒಂದು ಬ್ರೆಡ್ ಕಾರ್ಖಾನೆಯಲ್ಲಿ ಟ್ರೇ ಎತ್ತುತ್ತಿದ್ದರು. ಊರ ಮಗ್ಗುಲಿಗೇ ಕಡಲಿನಷ್ಟು ದೊಡ್ಡ ಸಿಹಿನೀರಿನ ಸರೋವರ. ನೀರು ಮಾಡಬಲ್ಲವನಿಗೆ ಅಲ್ಲೇನು ಕೆಲಸ? ಆದರೂ ಎಲ್ಲಿಯ ನೀರು ಕುಡಿದರೂ ಅದನ್ನು ಒಂದು ಕ್ಷಣ ಬಾಯಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ, ಇಂತಿಷ್ಟು ಎಂದು ಉಪ್ಪಿನ ಅಳತೆ ಹೇಳುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ನಮ್ಮ ದೇಶದವರ ಅಂಗಡಿಗಳೇ ತುಂಬಿದ ಜೆರಾರ್ಡ್ ಬಜಾರಿನ ಒಂದು ಹೋಟೆಲಿನಲ್ಲಿ ಮಾಣಿ ಇಟ್ಟ ನೀರಿಗೆ ಇಡೀ ಒಂದು ವರದಿ ಒಪ್ಪಿಸಿದ್ದನ್ನು ನಾನು ಕಂಡೆ. ಬಿಡುತ್ತೇನೆಯೇ? ಆ ವರ್ಷದ ಯುಗಾದಿ ಕೂಟದಲ್ಲಿ, ಒಂದು ಶಾಲೆಯ ಹಾಲಿನಲ್ಲಿ, ಬಾಡಿಗೆಯ ಮೈಕಿನ ಮುಂದೆ ನಿಂತು ಕಾಕಾ ಆದೆ. ಒಂದು ಲೋಟ ಬೇವು-ಬೆಲ್ಲದ ಪಾನಕ ಕುಡಿದು, ಮೀಸೆ ಒರೆಸಿ, "ಸಕ್ರಿ ಹೈ, ಬೇವು ಲೋ, ಯೂನಿಟ್ ಬಂದ್ ಮಾಡ್ರಿ" ಎಂದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾನೇ. ಆಮೇಲೆ ನಮ್ಮ ಕನ್ನಡ ಸಂಘದ ಅಧ್ಯಕ್ಷರನ್ನು ಅಣಕಿಸಿ ತೋರಿಸಿದೆ. ಅವರು ನಗಲಿಲ್ಲ. ಮುಂದಿನ ವರ್ಷ ನನಗೆ ಮೈಕೂ ಸಿಗಲಿಲ್ಲ.

ಕಾಕಾ ಟ್ರೇ ಎತ್ತಲು ಬಂದವರಲ್ಲ. ಗಲ್ಫಿನಲ್ಲಿದ್ದ ಹದಿನೆಂಟು ವರ್ಷವೂ ಮನೆಯವರು ಹುಬ್ಬಳ್ಳಿಯಲ್ಲಿದ್ದರು. ಇವರು ವರ್ಷಕ್ಕೊಮ್ಮೆ ಬರುವ ಅತಿಥಿ. ಮಗಳು ಮೂರನೇ ವರ್ಷದಲ್ಲಿ ಇವರನ್ನು ನೋಡಿ ಕಾಕುವಿನ ಸೆರಗಿನ ಹಿಂದೆ ಅಡಗಿದ್ದಳಂತೆ. 2015ರಲ್ಲಿ ಮೂವರೂ ಕೆನಡಾಕ್ಕೆ ಬಂದು ಒಂದೇ ಸೂರಿನಡಿ ಇರತೊಡಗಿದಾಗ ಅವಳಿಗೆ ಹನ್ನೊಂದು ತುಂಬಿತ್ತು. "ಅಕಿ ಶಾಲಿ ಮುಗಿಯೋತನಕ ಅಕಿನ ಜೊತಿಗೇ ಇರಾಂವ ನಾ" ಎಂದು ಕಾಕಾ ಹೇಳುತ್ತಿದ್ದರು. ಆದರೆ ಮೂರು ವರ್ಷ ಟ್ರೇ ಎತ್ತಿ ಬೆನ್ನು ಕೈಕೊಟ್ಟಿತು. ಇನ್ನು ಭಾರ ಎತ್ತಕೂಡದೆಂದು ಡಾಕ್ಟರು ಹೇಳಿಬಿಟ್ಟರು. ಗಲ್ಫಿನ ಹಳೆಯ ಸ್ಥಾವರದವರು ಮಾತ್ರ ನಿಮ್ಮ ಕುರ್ಚಿ ಹಾಗೇ ಇದೆ ಎಂದು ತಿಂಗಳಿಗೊಮ್ಮೆ ಮೆಸೇಜ್ ಹಾಕುತ್ತಿದ್ದರು. ಇಲ್ಲಿ ಒಂದು ಕಂಟ್ರೋಲ್ ರೂಮಿನ ಕೆಲಸ ಸಿಕ್ಕರೆ ಮನೆ ಒಟ್ಟಿಗೆ ಉಳಿಯುತ್ತದೆ, ಸಿಗದಿದ್ದರೆ ಕಾಕಾ ಒಬ್ಬರೇ ಮತ್ತೆ ಮರಳುಗಾಡಿಗೆ. ಇದು ಆ ಮನೆಯಲ್ಲಿ ಎಲ್ಲರಿಗೂ, ಬೇಸ್‌ಮೆಂಟಿನ ನಮಗೂ, ಗೊತ್ತಿದ್ದ ಲೆಕ್ಕ.

ಬಾಯ್ಲರ್ ನಡೆಸುವ ಇಲ್ಲಿಯ ಲೈಸೆನ್ಸಿಗೆ ಅವರು ಅಡುಗೆಮನೆಯ ಮೇಜಿನ ಮೇಲೆ ಓದಿ ಪಾಸಾದರು. ಅರ್ಜಿಯ ಮೇಲೆ ಅರ್ಜಿ ಹಾಕಿದರು. ಕೊನೆಗೆ 2018ರ ಏಪ್ರಿಲ್‌ನಲ್ಲಿ ಒಂದು ಕರೆ ಬಂತು. ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ ಆಚೆಯ ಕೈಗಾರಿಕಾ ಪ್ರದೇಶದಲ್ಲಿ ಗ್ಯಾಸಿನಿಂದ ಕರೆಂಟು ಮಾಡಿ, ಉಳಿದ ಉಗಿಯನ್ನು ಅಕ್ಕಪಕ್ಕದ ಕಾರ್ಖಾನೆಗಳಿಗೆ ಕೊಡುವ ಒಂದು ಚಿಕ್ಕ ಸ್ಥಾವರ. ಕಾಕಾನ ಹಳೆಯ ಸ್ಥಾವರದ ತಮ್ಮನೇ ಸರಿ, ಸಮುದ್ರವೊಂದಿಲ್ಲ. ಹನ್ನೆರಡು ದಿನಗಳಲ್ಲಿ ಇಂಟರ್‌ವ್ಯೂ.

ಈಗ ನನ್ನ ಪ್ರವೇಶ.

ಬೇಸ್‌ಮೆಂಟು ವಲಯದಲ್ಲಿ ನಾನು ಇಂಟರ್‌ವ್ಯೂ ಗುರು. ಕಾಲೇಜಿನ ಒಂದು ತರಬೇತಿಯಲ್ಲಿ ಕಲಿತ ನಾಲ್ಕು ಮಾತನ್ನು, ಅದನ್ನು ಹೇಳಿಕೊಟ್ಟ ಹೆಂಗಸಿನ ದನಿ, ತಲೆಯಾಡಿಸುವಿಕೆ, ನಗುವಿನ ಸಮೇತ ಹುಡುಗರಿಗೆ ದಾಟಿಸುತ್ತಿದ್ದೆ. ಏನು ಕೇಳಿದರೂ ತಪ್ಪಾಗದ ಒಂದು ಉತ್ತರ ನನ್ನ ಬಳಿ ಇತ್ತು. ಗಿರಾಕಿ ಜಗಳ ತೆಗೆದರೆ? ಸಹೋದ್ಯೋಗಿ ಕದ್ದರೆ? ಬೆಂಕಿಯ ಅಲಾರಂ ಹೊಡೆದರೆ? "ಐ ವುಡ್ ಇನ್‌ಫಾರ್ಮ್ ಮೈ ಸೂಪರ್‌ವೈಸರ್." ಸೂಪರ್‌ವೈಸರಿಗೆ ತಿಳಿಸುತ್ತೇನೆ. ಈ ಒಂದು ವಾಕ್ಯದಿಂದ ನನಗೆ ಒಂದು ಮಾಲಿನಲ್ಲಿ ಸೆಕ್ಯುರಿಟಿ ಕೆಲಸ, ನನ್ನ ರೂಮ್‌ಮೇಟಿಗೆ ಕಾಫಿ ಅಂಗಡಿ, ಇನ್ನೊಬ್ಬನಿಗೆ ಗೋದಾಮು ಸಿಕ್ಕಿತ್ತು. ನಾವು ಮೂವರೂ ಸೂಪರ್‌ವೈಸರಿಗೆ ತಿಳಿಸುತ್ತ ತಿಳಿಸುತ್ತಲೇ ಫೀಸು ಕಟ್ಟಿದವರು.

ಕಾಕಾ ತಾವಾಗಿಯೇ ಕೆಳಗಿಳಿದು ಬಂದರು. "ನಂಗ ಕೆಲಸ ಬರ್ತೈತಿ ತಮ್ಮಾ, ಮಾತು ಬರಂಗಿಲ್ಲ. ಕಲಿಸ್ತೀಯೇನು?"

ನಾನು ಮೇಜಿನ ಆ ಬದಿ ಕೂತು ತರಬೇತಿಯ ಆ ಹೆಂಗಸಾದೆ. ಕತ್ತು ಒಂದಿಷ್ಟು ಓರೆ ಮಾಡಿ, ಕೆಲಸದಲ್ಲಿ ಎದುರಾದ ಒಂದು ಕಷ್ಟದ ಸಂದರ್ಭ ಹೇಳಿ ಎಂದೆ.

ಕಾಕಾ ಹೇಳಿದರು. ಉಗಿ ಸಮುದ್ರದ ನೀರನ್ನು ಕಾಸಿ ತಾನು ತಣ್ಣಗಾಗಿ ಮತ್ತೆ ನೀರಾಗಿ ಬಾಯ್ಲರಿಗೆ ಮರಳುತ್ತದೆ. ಅದು ಮಗುವಿಗೆ ಕುಡಿಸುವಷ್ಟು ಶುದ್ಧವಿರಬೇಕು. ನಡುವಿನ ಕೊಳವೆಯಲ್ಲಿ ಸೂಜಿಯಷ್ಟು ತೂತಾದರೂ ಸಮುದ್ರ ಅದರೊಳಗೆ ಸೇರುತ್ತದೆ, ಉಪ್ಪು ಬಾಯ್ಲರನ್ನು ತಿಂದು ಹಾಕುತ್ತದೆ. ಒಂದು ಬೇಸಿಗೆಯ ಮಧ್ಯಾಹ್ನ, ಕಂಟ್ರೋಲ್ ರೂಮಿನಲ್ಲಿ ಇವರೊಬ್ಬರೇ. ಉಪ್ಪಿನ ಮೀಟರಿನ ಮುಳ್ಳು ಕೂದಲೆಳೆಯಷ್ಟು ಏರಿತು. ಅಲಾರಂ ಹೊಡೆಯಲಿಲ್ಲ. ಸೂಪರ್‌ವೈಸರು ಫೋನೆತ್ತಲಿಲ್ಲ. ಇವರು ಯಾರನ್ನೂ ಕೇಳದೆ ಆ ನೀರನ್ನೆಲ್ಲ ಚರಂಡಿಗೆ ತಿರುಗಿಸಿದರು, ನೀರು ಮಾಡುವ ಒಂದು ಘಟಕವನ್ನೇ ನಿಲ್ಲಿಸಿದರು. ಮ್ಯಾನೇಜರು ಓಡಿಬಂದು, "ಕಿಸ್ನೆ ಬೋಲಾ ಬಂದ್ ಕರ್ನೇಕೋ?" ಎಂದು, ನಿಲ್ಲಿಸಲು ಹೇಳಿದವರು ಯಾರೆಂದು, ಎಲ್ಲರೆದುರು ಕೂಗಾಡಿದರು. ಮೂರು ದಿನದ ಮೇಲೆ ಬಿಚ್ಚಿ ನೋಡಿದರೆ ಎರಡು ಕೊಳವೆಯಲ್ಲಿ ತೂತು. ಯಾರೂ ತಪ್ಪಾಯಿತು ಎನ್ನಲಿಲ್ಲ. ಮರುದಿನ ಇವರ ಮೇಜಿನ ಮೇಲೆ ಒಂದು ಡಬ್ಬಿ ಖರ್ಜೂರ ಇತ್ತು, ಅಷ್ಟೇ.

ಹೇಳಿ ಮುಗಿಸುವಾಗ ಕಾಕಾನ ಬಲಗೈ ಗಾಳಿಯಲ್ಲಿ ವಾಲ್ವು ತಿರುಗಿಸುತ್ತಿತ್ತು.

ನಾನು ಏನೆಂದೆ? ಈಗಲೂ ಅಕ್ಷರಶಃ ನೆನಪಿದೆ. "ಕಾಕಾ, ಕಥೆ ಸೂಪರ್. ಆದ್ರೆ ಇದನ್ನ ಅಲ್ಲಿ ಹೇಳಿದ್ರೆ ಔಟ್. ಪರ್ಮಿಷನ್ ಇಲ್ದೆ ಕೆಲಸ ಮಾಡಿದ್ರಿ, ಪ್ರೊಡಕ್ಷನ್ ನಿಲ್ಲಿಸಿದ್ರಿ, ಬಾಸ್ ಹತ್ರ ಉಗಿಸ್ಕೊಂಡ್ರಿ. ಮೂರು ಸೆಂಟೆನ್ಸಲ್ಲಿ ಮೂರು ರೆಡ್ ಕಾರ್ಡು!"

"ಹಂಗಂತೀ?"

"ಇಲ್ಲಿ ಎಲ್ಲಾ ಪ್ರೊಸೀಜರು ಕಾಕಾ. ಇದು ಕೆನಡಾ. ಕೈ ಮಡಚಿಟ್ಕೊಳ್ಳಿ, ಮೊದ್ಲು ಸೂಪರ್‌ವೈಸರಿಗೆ ಹೇಳ್ತೀನಿ ಅನ್ನಿ, ಆಮೇಲೆ ಬರೆದಿಡ್ತೀನಿ ಅನ್ನಿ. ಸ್ಮೈಲ್. ಮೀಸೆ ಒಳಗಿಂದಲೂ ಕಾಣೋ ಹಂಗೆ ಸ್ಮೈಲ್."

ಹನ್ನೆರಡು ದಿನ ತಾಲೀಮು. ಉಚ್ಚಾರಣೆ ತಿದ್ದಿದೆ, ಹುಬ್ಬಳ್ಳಿ ಒರಟುತನಕ್ಕೆ ಉಜ್ಜುಕಾಗದ ಹಾಕಿದೆ. ಕಾಕಾ ಒಳ್ಳೆಯ ವಿದ್ಯಾರ್ಥಿ. ನಾನು ಆಡಿದ್ದನ್ನು ನನ್ನ ಹಾಗೇ ಆಡತೊಡಗಿದರು. ನಾನು ಆ ಹೆಂಗಸಿನ ಹಾಗೆ ಆಡುತ್ತಿದ್ದೆನಾದ್ದರಿಂದ, ಕೊನೆಗೆ ಮೀಸೆ ಹೊತ್ತ ಕಾಕಾ ಕತ್ತು ಓರೆ ಮಾಡಿ ನಗುವುದನ್ನು ನೋಡಿ ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಇದ್ಯಾರ್ರೀ ನಮ್ಮನ್ಯಾಗ ಬಂದಾಕಿ?" ಎಂದರು. ಎಲ್ಲರೂ ನಕ್ಕೆವು.

ಮಗಳೊಬ್ಬಳು ನಗಲಿಲ್ಲ. ಹದಿನಾಲ್ಕರ ಹುಡುಗಿ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಫ್ರಿಜ್ಜಿಗೆ ಒರಗಿ ನಿಂತು ನೋಡುತ್ತಿದ್ದವಳು ನನಗೆ ಹೇಳಿದಳು, "ವೈ ಆರ್ ಯು ಮೇಕಿಂಗ್ ಹಿಮ್ ಟಾಕ್ ಲೈಕ್ ದಟ್? ಹೀ ಸೌಂಡ್ಸ್ ಲೈಕ್ ಹೀ ಡಸಂಟ್ ನೋ ಎನಿಥಿಂಗ್."

ಅಪ್ಪನಿಗೆ ಏನೂ ಗೊತ್ತಿಲ್ಲವೇನೋ ಎಂಬಂತೆ ಕೇಳಿಸುತ್ತದೆ ಎಂದಿದ್ದಳು. ನಾನು ಅವಳನ್ನೇ ಅಣಕಿಸಿದೆ, ಕಣ್ಣು ಮೇಲೆ ಮಾಡಿ, "ವಾಟೆವರ್" ಎಂದು. ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಂಟರ್‌ವ್ಯೂ ದಿನ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಒಂದು ಬಸ್ಸು, ಸಬ್‌ವೇ ರೈಲು, ಮತ್ತೆರಡು ಬಸ್ಸು. ಮಾಲ್ಟನ್‌ನಲ್ಲಿ ಇಳಿದರೆ ತಲೆಯ ಮೇಲೇ ವಿಮಾನಗಳು, ಎದುರಿಗೆ ಪಂಜಾಬಿ ಸಿಹಿ ಅಂಗಡಿ. ನಾನು ಅಲ್ಲಿ ಸಮೋಸ ತಿನ್ನುತ್ತ ಕೂತೆ. ಕಾಕಾ ನನ್ನದೇ ಟೈ ಕಟ್ಟಿಕೊಂಡು ಮುಂದಿನ ಬಸ್ಸು ಹತ್ತಿದರು.

ಎರಡು ಗಂಟೆ ಕಳೆದ ಮೇಲೆ ಬಂದರು. "ನೀ ಹೇಳಿದಂಗ ಹೇಳೇನಿ," ಎಂದರು. ನಾನು ಅಂಗಡಿಯ ನಡುವೆಯೇ ಎರಡು ಹೆಜ್ಜೆ ಭಾಂಗ್ಡಾ ಹಾಕಿದೆ. ಅಂಗಡಿಯವನು ಯಾರ ಮದುವೆ ಎಂದು ಹಿಂದಿಯಲ್ಲಿ ಕೇಳಿದ. ಕಾಕಾ ಮಾತ್ರ ಟೈ ಸಡಿಲಿಸಿ ಕೂತರು.

ವಾಪಸು ಬಸ್ಸಿನಲ್ಲಿ ಹೇಳಿದರು. ಒಳಗೆ ಇಬ್ಬರಿದ್ದರಂತೆ. ಒಬ್ಬಳು ಆಫೀಸಿನವಳು. ಇನ್ನೊಬ್ಬ ಮುದುಕ, ಬಾಯ್ಲರು ಮನೆಯಲ್ಲೇ ತಲೆ ನೆರೆದವನು. "ಕೈ ನೋಡಿದ್ರ ಗೊತ್ತಾಗ್ತೈತಿ ತಮ್ಮಾ, ಸುಟ್ಟ ಕಲೆ." ಆ ಮುದುಕ ಕಾಕಾನ ಕಾಗದಗಳನ್ನು ಬದಿಗಿಟ್ಟು ಒಂದೇ ಒಂದು ಪ್ರಶ್ನೆ ಕೇಳಿದನಂತೆ: ಕಂಟ್ರೋಲ್ ರೂಮಿನಲ್ಲಿ ನೀವೊಬ್ಬರೇ. ಮರಳಿ ಬರುವ ನೀರಿನಲ್ಲಿ ಉಪ್ಪು ಏರುತ್ತಿದೆ. ಏನು ಮಾಡುತ್ತೀರಿ?

ನನ್ನ ಬಾಯಲ್ಲಿದ್ದ ಚ್ಯೂಯಿಂಗ್ ಗಮ್ ನಿಂತುಹೋಯಿತು.

"ಏನಂದ್ರಿ ಕಾಕಾ?"

"ಸೂಪರ್‌ವೈಸರಿಗೆ ತಿಳಸ್ತೀನಿ ಅಂದೆ. ಅವ ಮುಂದಕ್ಕ ಬಗ್ಗಿ, ಅವರು ಫೋನ್ ಎತ್ತಲಿಲ್ಲ ಅಂದ್ರ? ಅಂದ. ಮತ್ತೊಮ್ಮೆ ಮಾಡ್ತೀನಿ ಅಂದೆ." ಕಾಕಾ ಕಿಟಕಿಯಾಚೆ ನೋಡಿದರು. "ಬಾಯಿ ನಿಂದು ಹೇಳಾಕತ್ತಿತ್ತು. ಕೈ ಮೇಜಿನ ಕೆಳಗ ವಾಲ್ವ್ ತಿರುವಾಕತ್ತಿತ್ತು. ಅವ ಮತ್ತೇನೂ ಕೇಳ್ಲಿಲ್ಲ."

ಬಸ್ಸು ಎರಡು ಸ್ಟಾಪು ದಾಟಿತು. ಆಮೇಲೆ ಕಾಕಾ ಜೇಬಿನಿಂದ ಒಂದು ಕಾರ್ಡು ತೆಗೆದರು. ಮುದುಕ ಕೊಟ್ಟಿದ್ದು.

"ಫೋನ್ ಮಾಡ್ಲೇನು? ನಾ ಅಂದಿದ್ದು ತಪ್ಪಾಗೇತಿ, ಖರೇನ ನಾ ಹಿಂಗ ಮಾಡಾಂವ ಅಂತ ಆ ಮಧ್ಯಾಹ್ನದ್ದು ಹೇಳಿಬಿಡ್ತೀನಿ. ಅಂವಗ ತಿಳೀತೈತಿ."

"ಬೇಡ ಕಾಕಾ," ಎಂದೆ. ತಡವೇ ಇಲ್ಲ, ಕೇಳಿದ ಕೂಡಲೇ ಎಂದೆ. "ಇಲ್ಲಿ ಹಂಗೆಲ್ಲ ಮಾಡಿದ್ರೆ ಡೆಸ್ಪರೇಟ್ ಅನ್ಕೋತಾರೆ. ಒಂದು ಥ್ಯಾಂಕ್ಯೂ ಮೇಲ್ ಹಾಕೋಣ, ಅದೇ ಪದ್ಧತಿ. ನಾನೇ ಬರೀತೀನಿ."

"ಹಂಗಂತೀ?" ಎಂದು ಕಾಕಾ ಕಾರ್ಡನ್ನು ಒಳಗಿಟ್ಟರು.

ಇಂಟರ್‌ವ್ಯೂಗೆ ಮುಂಚೆ ನಾನು ಮಾಡಿದ್ದು ಅಜ್ಞಾನ. ಅದನ್ನು ನಾನು ಬೇಗ ಕ್ಷಮಿಸಿಕೊಂಡೆ. ನನ್ನನ್ನು ಕ್ಷಮಿಸಿಕೊಳ್ಳುವುದರಲ್ಲಿ ನಾನು ಚುರುಕು. ಆದರೆ ಬಸ್ಸಿನಲ್ಲಿ ನನಗೆ ಗೊತ್ತಾಗಿತ್ತು. ಮಾಲಿನ ಬಾಗಿಲು ಕಾಯುವವನ ಉತ್ತರವನ್ನು ಒಂದು ಊರಿಗೆ ನೀರು ಕುಡಿಸಿದವರ ಬಾಯಲ್ಲಿ ಇಟ್ಟಿದ್ದೇನೆ ಎಂದು ಆ ಎರಡು ಸ್ಟಾಪುಗಳ ನಡುವೆಯೇ ಹೊಳೆದಿತ್ತು. ಕಾಕಾ ಫೋನ್ ಮಾಡಿದರೆ ನನ್ನ ಪಾಠ ತಪ್ಪೆಂದು ಒಪ್ಪಿಕೊಂಡ ಹಾಗೆ. ಬೇಸ್‌ಮೆಂಟು ಗುರುವಿನ ಮಾನ ಹೋಗುತ್ತದೆ. ಅಷ್ಟಕ್ಕೆ ಬೇಡ ಎಂದೆ. ಆ ಸಂಜೆ ಬರೆದ ಥ್ಯಾಂಕ್ಯೂ ಮೇಲ್ ಬಲು ಚೆಂದವಿತ್ತು. ಅದರಲ್ಲಿ ವಿಷಯವೊಂದನ್ನು ಬಿಟ್ಟು ಎಲ್ಲ ಇತ್ತು.

ಹತ್ತು ದಿನಕ್ಕೆ ಉತ್ತರ ಬಂತು, ಇಲ್ಲವೆಂದು. ಆಗ ಕಾಕಾ ನನ್ನನ್ನು ಕೇಳಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರ್ಡಿನ ನಂಬರಿಗೆ ಫೋನ್ ಹಚ್ಚಿದರು, ಸ್ಪೀಕರಿನಲ್ಲಿ. ನಾನು ತೊಳೆದ ತಟ್ಟೆ ವಾಪಸು ಕೊಡಲು ಮೇಲೆ ಬಂದವನು ಮೆಟ್ಟಿಲ ಬಾಗಿಲಲ್ಲೇ ನಿಂತೆ. ಮುದುಕನ ದನಿ ಮೃದುವಾಗಿತ್ತು. ನಿಮ್ಮ ಲೈಸೆನ್ಸು ಸರಿಯಿದೆ, ನಿಮ್ಮ ಅನುಭವ ದೊಡ್ಡದು ಎಂದ. ಆದರೆ ವಾರಾಂತ್ಯದಲ್ಲಿ ನಮ್ಮಲ್ಲಿ ಆಪರೇಟರು ಒಬ್ಬನೇ ಇರುತ್ತಾನೆ, ಯಾರಾದರೂ ಫೋನ್ ಎತ್ತುವ ಮೊದಲೇ ಅವನ ಕೈ ಓಡಬೇಕು, ನಿಮ್ಮ ಬಗ್ಗೆ ನನಗೆ ಆ ಧೈರ್ಯ ಬರಲಿಲ್ಲ ಎಂದ. ಬೇರೊಬ್ಬರನ್ನು ತೆಗೆದುಕೊಂಡಾಗಿದೆ ಎಂದೂ ಹೇಳಿದ.

"ಯೆಸ್ ಸರ್. ಕರೆಕ್ಟ್ ಸರ್," ಎಂದರು ಕಾಕಾ. ಅವರದೇ ಹುಬ್ಬಳ್ಳಿ ಇಂಗ್ಲಿಷಿನಲ್ಲಿ.

ಫೋನಿಟ್ಟ ಮೇಲೆ ಮಗಳು ಕೇಳಿದಳು, ಆ ಮಧ್ಯಾಹ್ನದ ಕಥೆ ಯಾಕೆ ಹೇಳಲಿಲ್ಲ ಎಂದು. "ಈಗ ಹೇಳಿದ್ರ ಕಟ್ಟಿ ಹೇಳಿದಂಗ ಆಗ್ತೈತವ್ವಾ," ಎಂದರು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಕೆಳಗಿಳಿದೆ.

ಯಾರೂ ಬೈಯಲಿಲ್ಲ. ಕಾಕು ಎಂದಿನಂತೆ ರೊಟ್ಟಿ ಕಳಿಸಿದರು, ಪಲ್ಯ ಒಂದು ಸೌಟು ಹೆಚ್ಚೇ ಇತ್ತು. ಬೈದಿದ್ದರೆ ನಾನು ಆ ಬೈಗುಳವನ್ನಾದರೂ ಅಣಕು ಮಾಡಿ ಹಗುರಾಗುತ್ತಿದ್ದೆ. ಬಾಯಿ ತೆರೆದು ನಿಜ ಹೇಳಲು ನನಗೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಸಮಯವಿತ್ತು. ಪ್ರತಿ ಸಲವೂ ಒಳ್ಳೆಯ ಜೋಕೊಂದು ಅಡ್ಡ ಬರುತ್ತಿತ್ತು.

ಆಗಸ್ಟಿನ ಒಂದು ಮಧ್ಯಾಹ್ನ ಕಾಕಾನನ್ನು ಗಲ್ಫಿನ ವಿಮಾನಕ್ಕೆ ಹತ್ತಿಸಲು ಹೋದೆವು. ಕಾಕು ದಾರಿಯುದ್ದಕ್ಕೂ ಮಾತ್ರೆ, ಬೆನ್ನಿನ ಪಟ್ಟಿ, ಚಟ್ನಿಪುಡಿ ಎಂದು ನೆನಪಿಸುತ್ತಲೇ ಇದ್ದರು. ಒಳಗೆ ಹೋಗುವ ಗಾಜಿನ ಬಾಗಿಲ ಬಳಿ ಕಾಕಾ ಮಗಳ ತಲೆಯ ಮೇಲೆ ಕೈಯಿಟ್ಟು, "ಮುಂದಿನ ಬ್ಯಾಸಗಿಗೆ ಬರ್ತೀನಿ" ಎಂದರು. ವರ್ಷಕ್ಕೊಮ್ಮೆ ಬರುವವರು ಹೇಳುವ ಮಾತು. ನಾನು ಕೇಳಿದ ಹಾಗೆ ಮೊದಲ ಬಾರಿ ಅವಳು ಕನ್ನಡದಲ್ಲಿ, "ಹೂಂ ಅಪ್ಪಾ" ಎಂದಳು. ಆಮೇಲೆ ಅವರು ನನ್ನ ಕಡೆ ತಿರುಗಿದರು.

ನಾನು ಸಿದ್ಧನಾಗಿ ಬಂದಿದ್ದೆ. ಬಸ್ಸಿನಲ್ಲಿ ನನಗೆ ಗೊತ್ತಿತ್ತು ಕಾಕಾ, ಗೊತ್ತಿದ್ದೂ ಬೇಡ ಅಂದೆ. ಇಷ್ಟೇ. ಹನ್ನೆರಡು ದಿನದ ತಾಲೀಮೇನೂ ಬೇಕಿಲ್ಲದ ಮಾತು. ಬಾಯಿ ತೆರೆದೆ. ಅವರು ಕಾಯುತ್ತಿದ್ದರು, ಮೀಸೆಯ ತುದಿಯಲ್ಲಿ ಆಗಲೇ ಸಣ್ಣ ನಗು. ನಾನು ಬಾಯಿ ತೆರೆದಾಗಲೆಲ್ಲ ಅವರಿಗೆ ಹಾಗೆ ಆಗುತ್ತಿತ್ತು. ನನ್ನ ಬಾಯಿಂದ ಬಂದದ್ದು ಬ್ಯಾಗು ತೂಗುವ ಕೌಂಟರಿನವಳ ದನಿ: "ಎಕ್ಸ್‌ಕ್ಯೂಸ್ ಮಿ ಸರ್, ತೂಕ ಜಾಸ್ತಿ ಇದೆ. ಮೀಸೆ ಇಲ್ಲೇ ಬಿಟ್ಟು ಹೋಗ್ಬೇಕು."

ಕಾಕಾ ಹೊಟ್ಟೆ ಹಿಡಿದು ನಕ್ಕರು. ಕಣ್ಣೊರೆಸಿಕೊಂಡರು. "ಮಂಗ್ಯಾ," ಎಂದು ನನ್ನ ಬೆನ್ನಿಗೊಂದು ಗುದ್ದಿ ಒಳಗೆ ಹೋದರು.

ಮಗಳು ನನ್ನ ಪಕ್ಕದಲ್ಲೇ ಇದ್ದಳು. "ಯು ವರ್ ಗೋಯಿಂಗ್ ಟು ಟೆಲ್ ಹಿಮ್ ಸಮ್‌ಥಿಂಗ್," ಎಂದಳು. ಪ್ರಶ್ನೆಯಲ್ಲ ಅದು.

"ಇಲ್ಲ," ಎಂದೆ.

ಅವಳು ಗಾಜಿನ ಕಡೆ ತಿರುಗಿದಳು. ಆಚೆ ಸಾಲಿನಲ್ಲಿ ಕಾಕಾ ಬೆಲ್ಟು ಬಿಚ್ಚಿ ಪ್ಲಾಸ್ಟಿಕ್ ಟ್ರೇಯಲ್ಲಿ ಇಡುತ್ತಿದ್ದರು, ಇನ್ನೂ ನಗುತ್ತಲೇ ಇದ್ದರು.